ನೂರಕ್ಕೆ ಮೂವತ್ತೇಳು

ಅವರ ಅಂಗಿಯ ಎರಡನೆಯ ಗುಂಡಿಗೆ ಯಾವಾಗಲೂ ಒಂದು ಕರಿ ದಾರ ಸುತ್ತಿರುತ್ತಿತ್ತು. ಗುಂಡಿ ಕಿತ್ತುಹೋಗಿ ಮನೆಯಲ್ಲೇ ಹೊಲಿದುಕೊಂಡಿದ್ದಾರೆ ಎಂದು ಹೊಸಬರು ತಿಳಿಯುತ್ತಿದ್ದರು. ಗೋಕಾಕದ ಆ ಕಾಲೇಜಿಗೆ ಕಂಪ್ಯೂಟರ್ ಕಲಿಸಲು ಸೇರಿದ ಮೊದಲ ವಾರ ನಾನೂ ಹಾಗೆಯೇ ತಿಳಿದು, "ಸರ, ದಾರ ಜೋತಾಡಾಕತ್ತೇತ್ರಿ" ಎಂದು ಜಾಣತನ ತೋರಿಸಿದೆ. ಅವರು ದಾರ ಬಿಚ್ಚಿದರು. ಎರಡೂ ಹೆಬ್ಬೆರಳಿಗೆ ಸುತ್ತಿ, ಬಿಗಿಯಾಗಿ ಎಳೆದು ನನ್ನ ಕಣ್ಣೆದುರು ಹಿಡಿದರು.

"ಇದಕ್ಕಿಂತ ನೆಟ್ಟನ ಗೆರಿ ನಿನ್ನ ಕಂಪ್ಯೂಟರಿನ್ಯಾಗ ಬರ್ತೈತೇನವಾ?"

"ಇದಕ್ಕಿಂತ ಛಲೋ ಬರ್ತೇತ್ರಿ" ಎಂದೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು, ಜಗತ್ತಿನ ಎಲ್ಲ ಕೆಲಸವನ್ನೂ ಕಂಪ್ಯೂಟರ್ ಮಾಡುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದ ಕಾಲ. ಆ ಮಾತನ್ನು ಮುಂದೆ ನಾನೇ ನುಂಗಿಕೊಳ್ಳಬೇಕಾಯಿತು.

ಅವರು ಕಲಿಸುತ್ತಿದ್ದದ್ದು ಸಂಖ್ಯಾಶಾಸ್ತ್ರ. ಹುಡುಗರು ಅವರಿಗೆ ಇಟ್ಟ ಹೆಸರು 'ದಾರದ ಸರ'. ಗ್ರಾಫ್ ಹಾಳೆಯ ಮೇಲೆ ಹತ್ತಿಪ್ಪತ್ತು ಚುಕ್ಕಿ ಇಡಿಸಿ, ಅವುಗಳ ನಡುವೆ ದಾರ ಹಾಯಿಸಿ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಸರಿಸುತ್ತ ಹೇಳುತ್ತಿದ್ದರು: "ರಿಗ್ರೆಶನ್ ಗೆರಿ ಅಂದ್ರ ಇಷ್ಟ. ಎಲ್ಲಾ ಚುಕ್ಕಿಗೂ ಆದಷ್ಟ ಹತ್ತರ ಹೋಗಬೇಕು. ಯಾವುದಕ್ಕೂ ಪೂರಾ ನ್ಯಾಯ ಸಿಗೂದಿಲ್ಲ, ಯಾವುದಕ್ಕೂ ಪೂರಾ ಅನ್ಯಾಯ ಆಗೂದಿಲ್ಲ." ಸೂತ್ರ ಆಮೇಲೆ ಬರುತ್ತಿತ್ತು. ಚುಕ್ಕಿ ಇಡದೆ ನೇರವಾಗಿ ಸೂತ್ರಕ್ಕೆ ಕೈಹಾಕಿದ ಹುಡುಗನ ಹಾಳೆಯನ್ನು ತಿರುಗಿಸಿ ಕೊಡುತ್ತಿದ್ದರು. "ಮೊದಲ ಚುಕ್ಕಿ ಇಡು. ಆಮ್ಯಾಲೆ ಗೆರಿ." ಈ ಮಾತನ್ನು ಅವರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅವರೇನು ಅಂಥ ದೊಡ್ಡ ಪಂಡಿತರಲ್ಲ. ಪಾಠ ಹೇಳುವಾಗ ಬೋರ್ಡಿನ ಕಡೆಗೇ ಮುಖ. ಚಹಾ ಬಸಿಗೆ ಸುರುವಿಕೊಂಡೇ ಕುಡಿಯಬೇಕು. ಸ್ಟಾಫ್ ರೂಮಿನಲ್ಲಿ ಯಾರಾದರೂ ರಾಜಕೀಯ ತೆಗೆದರೆ ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು. ಇದ್ದದ್ದು ಒಂದೇ ಆಸೆ, ಪಿಎಚ್‌.ಡಿ. ನಲವತ್ತು ದಾಟಿದ ಮೇಲೆ ನೋಂದಣಿ ಮಾಡಿಸಿದ್ದರು. "ಡಾಕ್ಟರ್ ಆಗೂದು ಯಾವಾಗ್ರಿ ಸರ?" ಎಂದು ಗೆಳೆಯರು ಕಾಲೆಳೆದರೆ, "ಹೊಳಿ ಹೇಳಿದಾಗ" ಎನ್ನುತ್ತಿದ್ದರು.

ಅದು ತಮಾಷೆಯ ಮಾತಲ್ಲ. ಅವರ ಇಡೀ ಸಂಶೋಧನೆ ದಡ್ಡಿಯ ಹೊಳೆಯ ಮೇಲೆ ನಿಂತಿತ್ತು. ಆ ಊರಿನಲ್ಲಿ ಒಂದು ವಾರ ಬಿದ್ದ ಮಳೆಗೆ ಘಟಪ್ರಭೆಯ ನೀರು ಎಷ್ಟು ಏರುತ್ತದೆ ಎಂಬುದು ಪ್ರಶ್ನೆ. ಊರವರನ್ನು ಕಟ್ಟಿಕೊಂಡು ಹೊಳೆಯ ಕಟ್ಟೆಯ ಬುಡದಲ್ಲಿ ಒಂದು ಕಲ್ಲಿನ ಕಂಬ ನೆಡಿಸಿ, ತಾವೇ ಬಣ್ಣದ ಡಬ್ಬಿ ಒಯ್ದು ಸೆಂಟಿಮೀಟರಿನ ಗುರುತು ಹಾಕಿದ್ದರು. ದಿನಾ ಅದನ್ನು ನೋಡಿ ಬರೆದಿಡಲು ಅಲ್ಲೊಬ್ಬ ಜೈನ ರೈತರು ಒಪ್ಪಿಕೊಂಡರು. ಎಲ್ಲರ ಬಾಯಲ್ಲೂ ಅವರು ಕಾಕಾ. ಮಳೆ ಅಳೆಯುವ ಡಬ್ಬಿ ಕಾಕಾರ ಅಂಗಳದಲ್ಲೇ ಇತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಸರ್ ಹುಕ್ಕೇರಿಯ ತಮ್ಮ ಮನೆಯಿಂದ ಹೊರಟು, ಯಮಕನಮರಡಿಯಲ್ಲಿ ಬಸ್ಸು ಬದಲಿಸಿ ದಡ್ಡಿಗೆ ಹೋಗಿ, ಕಾಕಾ ಬರೆದಿಟ್ಟ ವಹಿಯಿಂದ ಅಂಕಿ ಇಳಿಸಿಕೊಂಡು ಬರುತ್ತಿದ್ದರು. ಹತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಮೊದಲ ನಾಲ್ಕು ವರ್ಷದ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ತೆಗೆದಾಗ ಉತ್ತರ ಬಂದಿತ್ತು: ನೂರು ಮಿಲಿಮೀಟರ್ ಮಳೆಗೆ ಮೂವತ್ತೇಳು ಸೆಂಟಿಮೀಟರ್ ನೀರು. ಆ ಸಂತೋಷಕ್ಕೆ ಆ ಗ್ರಾಫಿನ ಇನ್ನೊಂದು ಪ್ರತಿ ಬರೆದು ಒಯ್ದು ಕಾಕಾರಿಗೆ ಕೊಟ್ಟು, ಅದನ್ನು ಓದುವುದು ಹೇಗೆಂದು ಕಲಿಸಿಕೊಟ್ಟೂ ಬಂದಿದ್ದರಂತೆ. ಆಮೇಲಿನ ಆರು ವರ್ಷ ಅಂಕಿಗಳನ್ನು ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿಸುತ್ತ ಹೋದರು. ಪ್ರತಿ ವರ್ಷವೂ ಉತ್ತರ ಅದೇ. "ಹತ್ತ ವರ್ಷಕ್ಕೂ ನೂರಕ್ಕ ಮೂವತ್ತೇಳ! ಹೊಳಿಗೆ ಇರೂವಷ್ಟ ಶಿಸ್ತು ನಮ್ಮ ಹುಡುಗರಿಗೆ ಇಲ್ಲ ನೋಡು" ಎಂದು ನನ್ನೆದುರು ಹಿಗ್ಗಿದ್ದರು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟ ಕಟ್ಟಕಡೆಯ ಗಡುವಿಗೆ ಒಂದೂವರೆ ತಿಂಗಳು ಉಳಿದಿತ್ತು. ಅದು ತಪ್ಪಿದರೆ ನೋಂದಣಿ ರದ್ದು. ಮತ್ತೆ ಮಾಡಿಸೋಣವೆಂದರೆ ಅವರ ವಯಸ್ಸೂ ಒಪ್ಪುತ್ತಿರಲಿಲ್ಲ, ನಿಯಮವೂ ಒಪ್ಪುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮಾರ್ಗದರ್ಶಕರು, ಕೈಬರಹದ ಚಿತ್ರ ನಡೆಯುವುದಿಲ್ಲ, ಎಲ್ಲವನ್ನೂ ಲೇಟೆಕ್‌ನಲ್ಲಿ ಮಾಡಿಸಿಕೊಂಡು ಬನ್ನಿ ಎಂದು ಪತ್ರ ಬರೆದರು. ಸರ್ ಆ ಪತ್ರ ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ತಂಗಿ, ನೆಟ್ಟನ ಗೆರಿ ಬರ್ತೇತಿ ಅಂದಿದ್ದಿಲ್ಲಾ?"

ಲೇಟೆಕ್ ಎಂದರೆ ಪುಸ್ತಕವನ್ನು ಅಚ್ಚಿಗೆ ಸಿದ್ಧಮಾಡುವ ತಂತ್ರಾಂಶ. ಅದರಲ್ಲಿ ಮೌಸ್ ಹಿಡಿದು ಚಿತ್ರ ಬಿಡಿಸುವ ಮಾತಿಲ್ಲ. ಇಂಥ ಜಾಗದಲ್ಲಿ ಚುಕ್ಕಿ ಇಡು, ಇಂಥ ಕಡೆಯಿಂದ ಗೆರೆ ಎಳೆ ಎಂದು ಒಂದೊಂದನ್ನೂ ಆಜ್ಞೆಯಾಗಿ ಬರೆಯಬೇಕು. ಹತ್ತು ಮಳೆಗಾಲದ ನೂರಾರು ಚುಕ್ಕಿಗಳನ್ನು ಸರ್ ಓದಿದರು, ನಾನು ಟೈಪ್ ಮಾಡಿದೆ. ನಮ್ಮ ಲ್ಯಾಬಿನ ಹಳೆಯ ಮಷೀನಿಗೆ ಅಷ್ಟನ್ನೂ ತೋರಿಸಲು ಬಹಳ ಹೊತ್ತು ಹಿಡಿಯುತ್ತಿತ್ತು, ನಡುವೆ ಕರೆಂಟ್ ಹೋಗುತ್ತಿತ್ತು. ಅದಕ್ಕೆ ಗೆರೆ ಸರಿಹೋಗುವ ತನಕ ಮೊದಲ ವರ್ಷದ ಚುಕ್ಕಿಗಳು ಸಾಕೆಂದು, ಉಳಿದ ಸಾಲುಗಳ ಮುಂದೆ ಶೇಕಡಾ ಚಿಹ್ನೆ ಹಾಕಿ ಮುಚ್ಚಿಟ್ಟೆ. ಆ ಚಿಹ್ನೆ ಇದ್ದ ಸಾಲನ್ನು ಲೇಟೆಕ್ ಓದದೆ ಮುಂದೆ ಹೋಗುತ್ತದೆ.

ಆಮೇಲೆ ಗೆರೆ. ನೂರು ಹೆಜ್ಜೆ ಅಡ್ಡ, ಮೂವತ್ತೇಳು ಹೆಜ್ಜೆ ಮೇಲೆ ಎಂದು ಇಳಿಜಾರು ಬರೆದೆ. ಆಜ್ಞೆ ತಪ್ಪು ಎಂದಿತು ಮಷೀನು. ಹತ್ತು, ಮೂರು ಪಾಯಿಂಟ್ ಏಳು ಎಂದು ಬರೆದೆ. ಅದೂ ತಪ್ಪು. ಒಂದು ವಾರ ನಾನು ಮಾಡದ ಕಸರತ್ತಿಲ್ಲ. ಕೊನೆಗೆ ಬೆಳಗಾವಿಯ ಗೆಳತಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಅತ್ತುಕೊಂಡ ಮೇಲೆ, ಅವಳು ಕೈಪಿಡಿಯ ನಾಲ್ಕು ಪುಟ ಝೆರಾಕ್ಸ್ ಮಾಡಿ ಅಂಚೆಗೆ ಹಾಕಿದಳು. ಓದಿದರೆ ತಲೆ ತಿರುಗಿತು. ಆ ಆಜ್ಞೆಗೆ ಕೊಡುವ ಎರಡೂ ಅಂಕಿ ಪೂರ್ಣಾಂಕವಾಗಿರಬೇಕು, ಆರನ್ನು ದಾಟಬಾರದು. ಐದಕ್ಕೆ ಎರಡು ಎಂದರೆ ನೂರಕ್ಕೆ ನಲವತ್ತಾಗುತ್ತದೆ. ಮೂರಕ್ಕೆ ಒಂದು ಎಂದರೆ ಮೂವತ್ಮೂರಾಗುತ್ತದೆ. ನಡುವಿನದು ಯಾವುದೂ ಸಿಗುವುದಿಲ್ಲ.

"ನಲವತ್ತ ಹಾಕೂಣ್ರಿ ಸರ" ಎಂದೆ. "ಮೂರ ಹೆಚ್ಚಾತು, ಅಷ್ಟ. ಯಾರ ಪಟ್ಟಿ ಹಿಡದು ಅಳೀತಾರ?"

ಅವರು ದಾರ ಬಿಚ್ಚಿ ಮಾನಿಟರಿನ ಗಾಜಿನ ಮೇಲೆ ಅಡ್ಡಲಾಗಿ ಹಿಡಿದರು. ಒಂದು ತುದಿಯನ್ನು ನನ್ನ ಗೆರೆಗೆ ಸೇರಿಸಿ ಇನ್ನೊಂದನ್ನು ಖರೆ ಜಾಗಕ್ಕೆ ಇಳಿಸಿದರು. ದಾರಕ್ಕೂ ಗೆರೆಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದಿ ಬಿತ್ತು.

"ಹೊಳಿ ಮೂವತ್ತೇಳ ಅಂತೈತಿ, ಮಷೀನ್ ನಲವತ್ತ ಅಂತೈತಿ. ಯಾರ ಮಾತ ಕೇಳೂಣು ಹೇಳು."

ನನಗೆ ಸಿಟ್ಟು ಬಂತು. ಅಕ್ಷದ ಅಳತೆ ಬದಲಿಸಿದರೆ ಗೆರೆ ಕೂಡುತ್ತಿತ್ತು, ಆದರೆ ಆಗ ಎಲ್ಲ ಚುಕ್ಕಿಗಳನ್ನೂ ಹೊಸದಾಗಿ ಲೆಕ್ಕ ಹಾಕಿ ಟೈಪ್ ಮಾಡಬೇಕಿತ್ತು. ಗಡುವಿಗೆ ಮೂರು ವಾರ ಉಳಿದಿತ್ತು. ಆ ನಾಲ್ಕು ಪುಟಗಳನ್ನು ಮೂಡಲಗಿಯ ಬಸ್ಸಿನಲ್ಲಿ ಓದಿ ಓದಿ ಬಾಯಿಪಾಠವಾಗಿತ್ತು. ಒಂದು ಮುಂಜಾನೆ ಬಸ್ಸಿನಲ್ಲೇ ಹೊಳೆಯಿತು. ಬಾಗಿದ ಗೆರೆ ಎಳೆಯಲು ಬೇರೊಂದು ಆಜ್ಞೆ ಇತ್ತು. ಅದಕ್ಕೆ ಮೂರು ಬಿಂದು ಕೊಡಬೇಕು, ಇಂಥದೇ ಅಂಕಿ ಎಂಬ ನಿರ್ಬಂಧವಿಲ್ಲ. ಆ ಮೂರೂ ಬಿಂದುಗಳನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಬಾಗುವ ಗೆರೆ ಎಲ್ಲಿಗೆ ಬಾಗೀತು?

ಅದು ನೆಟ್ಟಗೆ ಬಂತು. ಸರ್ ದಾರ ಹಿಡಿದು ನೋಡಿದರು. ಈ ಸಲ ದಾರದ ಹಿಂದೆ ಗೆರೆ ಪೂರ್ತಿ ಮುಚ್ಚಿಹೋಯಿತು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪ್ಯೂನನನ್ನು ಕರೆದು ಲ್ಯಾಬಿನಲ್ಲಿದ್ದವರಿಗೆಲ್ಲ ಚಹಾ ಹೇಳಿದರು.

"ಈಗ ಉಳದ ವರ್ಷಗೋಳನ್ನ ಒಂದೊಂದ ತೆರಿಯವಾ. ಹೊಳಿ ಹೆಂಗ ನಡದು ಬಂದೈತಿ ನೋಡೂಣು."

ಒಂದೊಂದು ವರ್ಷದ ಸಾಲುಗಳಿಂದ ಶೇಕಡಾ ಚಿಹ್ನೆ ಅಳಿಸುತ್ತ ಹೋದೆ. ಎರಡನೆಯ ವರ್ಷದ ಚುಕ್ಕಿಗಳು ಗೆರೆಯ ಆಚೆ ಈಚೆ ಚೆಲ್ಲಾಡಿದವು. ಮೂರು, ನಾಲ್ಕನೆಯ ವರ್ಷದವೂ ಹಾಗೆಯೇ. ಐದನೆಯ ವರ್ಷ ತೆರೆದೆ. ಚುಕ್ಕಿಗಳೆಲ್ಲ ಗೆರೆಯ ಮೇಲೆಯೇ ಬಂದು ಕೂತವು. ಆರನೆಯ ವರ್ಷ, ಏಳನೆಯ ವರ್ಷ, ಎಲ್ಲವೂ ಗೆರೆಯ ಮೇಲೆ, ಪೋಣಿಸಿದ ಮಣಿಗಳಂತೆ. "ಎಷ್ಟ ಚಂದ ಕುಂತಾವ ನೋಡ್ರಿ ಸರ!" ಎಂದು ನಾನು ಚಪ್ಪಾಳೆ ತಟ್ಟಿದೆ. ಲ್ಯಾಬಿನ ಹುಡುಗರೂ ತಟ್ಟಿದರು.

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಂದ ಚಹಾ ಕೆನೆಗಟ್ಟಿತು.

"ತಂಗಿ, ಹೊಳಿ ಹಿಂಗ ಗೆರಿ ಹಿಡದ ನಡಿಯೂದಿಲ್ಲ" ಎಂದರು.

ತಪ್ಪು ನನ್ನ ಆಜ್ಞೆಯಲ್ಲೇ ಇರಬೇಕೆಂದು ಪ್ರತಿ ಅಂಕಿಯನ್ನೂ ಅವರ ವಹಿಯೊಂದಿಗೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಅಂಕಿಗಳು ವಹಿಯಲ್ಲೇ ಹಾಗಿದ್ದವು. ಚುಕ್ಕಿ ಇಡದವರ ಹಾಳೆ ತಿರುಗಿಸಿ ಕೊಡುತ್ತಿದ್ದವರು ಆರು ವರ್ಷ ತಾವೇ ಚುಕ್ಕಿ ಇಟ್ಟಿರಲಿಲ್ಲ.

ಮರುದಿನವೇ ದಡ್ಡಿಗೆ ಹೊರಟರು. ನಾನೂ ಹಟ ಮಾಡಿ ಜೊತೆಗೆ ಹೋದೆ. ಅಂಗಳದಲ್ಲಿ ಮಳೆಯ ಡಬ್ಬಿ ಸ್ವಚ್ಛವಾಗಿ ಬೆಳಗಿಟ್ಟಿತ್ತು. ಪಡಸಾಲೆಯ ಗೋಡೆಗೆ ಕ್ಯಾಲೆಂಡರಿನ ಬಾಜೂ, ಸರ್ ಕೊಟ್ಟಿದ್ದ ಗ್ರಾಫ್ ಹಾಳೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರ ಪಕ್ಕದ ಮೊಳೆಗೆ ಒಂದು ಕಟ್ಟಿಗೆಯ ಅಳತೆಪಟ್ಟಿ ಜೋತಾಡುತ್ತಿತ್ತು. ಆ ಪಟ್ಟಿ ನೋಡಿದ ಕೂಡಲೇ ನನಗೆ ತಿಳಿಯಿತು. ಸರ್‌ಗೂ ತಿಳಿದಿರಬೇಕು, ಅವರು ಚಪ್ಪಲಿ ಬಿಟ್ಟಲ್ಲೇ ನಿಂತುಬಿಟ್ಟರು.

ಕಾಕಾ ಕೋಲೂರಿಕೊಂಡು ಎದ್ದರು. "ಬರ್ರಿ ಸರ, ಈ ಸಲ ನಡುವ ಬಂದ್ರಿ? ಬಾ ಯವ್ವಾ, ಕುಂದರು."

"ಮೊಣಕಾಲ ಹೆಂಗ ಅದಾವ ಕಾಕಾ?" ಎಂದು ಸರ್ ಕೇಳಿದರು.

"ಅವು ಹೋಗಿ ಆರ ವರ್ಷಾತಲ್ರಿ. ಕಟ್ಟಿ ಇಳದ್ರ ಹತ್ತಾಕ ಆಗೂದಿಲ್ಲ. ಮಳಿ ಅಂಗಳದಾಗ ಅಳೀತೇನಿ, ಅದು ಖರೆ ಐತಿ. ಹೊಳೀದು ನಿಮ್ಮ ಗೆರಿ ಮ್ಯಾಲೆ ನೋಡಿ ಬರೀತೇನಿ. ನೀವ ಕಲಿಸಿ ಕೊಟ್ರೆಲ್ಲಾ, ಇಷ್ಟ ಮಳಿಗೆ ಇಷ್ಟ ನೀರ ಅಂತ?" ಕಾಕಾ ಗೋಡೆಯ ಕಡೆ ಕೈ ಮಾಡಿದರು. "ಅಷ್ಟ ದೂರದಿಂದ ಬರ್ತೀರಿ. ಖಾಲಿ ಹಾಳಿ ಹೆಂಗ ಇಡೂದ್ರಿ ನಿಮ್ಮ ಮುಂದ? ಮನಿಗೆ ಬಂದಾರನ್ನ ಬರಿಗೈಲೆ ಕಳಿಸಿದಂಗ ಆಗ್ತೇತಿ. ಬರೋಬ್ಬರಿ ಅದಾವಲ್ರಿ ಸರ?"

ಹೊರಗೆ ಯಾರೋ ಎಮ್ಮೆಗೆ ನೀರು ತೋರಿಸುತ್ತಿದ್ದರು. ಸರ್ ಆ ಕಡೆ ನೋಡಿದರು.

"ಬರೋಬ್ಬರಿ ಅದಾವ ಕಾಕಾ. ಒಂದ ಎಳಿಯಷ್ಟೂ ತಪ್ಪಿಲ್ಲ."

ಕಾಕಾರ ಮುಖ ಅರಳಿತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ ಅದು. ಉಣ್ಣದೆ ಹೋಗಬಾರದೆಂದು ನಮ್ಮಿಬ್ಬರನ್ನೂ ಕೂರಿಸಿ ಬಡಿಸಿದರು. ಸರ್ ಎರಡು ರೊಟ್ಟಿ ತಿಂದರು.

ಬಸ್ಸಿನಲ್ಲಿ ಜಗಳ ತೆಗೆದೆ. "ಯಾಕ ಹೇಳಲಿಲ್ರಿ? ನಿಮ್ಮ ಹತ್ತ ವರ್ಷ ಹೋತಲ್ರಿ!"

"ಏನಂತ ಹೇಳ್ಲಿ? ಅವರೇನ ಸುಳ್ಳ ಬರದಿಲ್ಲ. ಕಲಿಸಿದ್ದನ್ನ ಮಾಡ್ಯಾರ." ಕಿಟಕಿಯ ಕಡೆ ತಿರುಗಿ ಮತ್ತೆ ಹೇಳಿದರು. "ಮೊದಲ ಚುಕ್ಕಿ, ಆಮ್ಯಾಲೆ ಗೆರಿ ಅಂತ ಹುಡುಗರಿಗೆ ಇಷ್ಟ ವರ್ಷ ಹೇಳಿದೆ. ಕಾಕಾಗ ಮೊದಲ ಗೆರಿ ಕೊಟ್ಟ ಬಂದೆ."

ಖರೆ ಉಳಿದದ್ದು ನಾಲ್ಕೇ ವರ್ಷದ ಅಂಕಿ. ಎಂಟಕ್ಕಿಂತ ಕಡಿಮೆಯಾದರೆ ಪ್ರಬಂಧ ನಿಲ್ಲುವುದಿಲ್ಲ ಎಂದು ಮಾರ್ಗದರ್ಶಕರು ಮೊದಲೇ ಹೇಳಿದ್ದರು. ಇನ್ನು ಮುಂದೆ ನಾನು ಮಾಡಿದ್ದನ್ನು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಆ ಆರು ವರ್ಷದ ಚುಕ್ಕಿಗಳನ್ನು ಒಂದೊಂದಾಗಿ ತುಸು ಮೇಲೆ, ತುಸು ಕೆಳಗೆ ಸರಿಸಿದೆ. ಮೊದಲ ನಾಲ್ಕು ವರ್ಷದವು ಹೇಗೆ ಚೆಲ್ಲಾಡಿದ್ದವೋ ಹಾಗೆಯೇ ಚೆಲ್ಲಿದೆ. ಗೆರೆ ಅಲ್ಲಾಡದಂತೆ ನೋಡಿಕೊಂಡೆ. ಯಾವ ಪರೀಕ್ಷಕನಿಗೂ ಗುರುತು ಹತ್ತುತ್ತಿರಲಿಲ್ಲ. ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟು, "ಇದನ್ನ ಒಪ್ಪಸ್ರಿ ಸರ, ನಿಮ್ಮ ಕಾಲ ಬೀಳ್ತೇನಿ" ಎಂದೆ.

ಅವರು ಅದನ್ನು ಕೈಗೆತ್ತಿಕೊಂಡು ನೋಡಿದರು. "ಛಲೋ ಮಾಡೀದಿ. ಖರೆ ಹೊಳಿ ಹಂಗ ಕಾಣಸ್ತೈತಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಗಡುವಿನ ದಿನ ವಿಶ್ವವಿದ್ಯಾಲಯಕ್ಕೆ ಹೋಗದೆ ಎಂದಿನಂತೆ ಎರಡು ಪಿರಿಯಡ್ ಪಾಠ ಮಾಡಿದರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಒಬ್ಬರೇ ನಿಂತಿದ್ದರು. ಅವತ್ತಿನಿಂದ ಅಂಗಿಯ ಗುಂಡಿಗೆ ದಾರ ಕಾಣಲಿಲ್ಲ. ಸ್ಟಾಫ್ ರೂಮಿನಲ್ಲಿ ಡಾಕ್ಟರ್ ಆಗುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆದರೆ ಮೊದಲ ಭಾನುವಾರದ ದಡ್ಡಿಯ ಪ್ರಯಾಣ ನಿಲ್ಲಲಿಲ್ಲ. ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ಹೋಗದಿದ್ದರೆ ಕಾಕಾ ಕಾರಣ ಕೇಳುತ್ತಾರೆ, ಕಾರಣ ಹೇಳಬೇಕಾಗುತ್ತದೆ ಎಂದು ಹೋಗುತ್ತಾರೆ ಅಂದುಕೊಂಡಿದ್ದೆ. ಬೀಳ್ಕೊಡುವ ಸಮಾರಂಭದಲ್ಲಿ ಶಾಲು ಹೊದಿಸಿ, ಎರಡು ಮಾತಾಡಿ ಎಂದಾಗ ಮೈಕಿನ ಮುಂದೆ ಕೈ ಮುಗಿದು ಕೆಳಗಿಳಿದರು. ಆಮೇಲೆ ನಾನೂ ಸಂಸಾರ, ಕೆಲಸ ಎಂದು ಮುಳುಗಿದೆ. ಹುಕ್ಕೇರಿಗೆ ಹೋಗಿ ನೋಡಿ ಬರಬೇಕೆಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದೆ. ಹೋದದ್ದು ಅವರು ತೀರಿಕೊಂಡ ಸುದ್ದಿ ಬಂದ ಮೇಲೆ, ಮಣ್ಣಿಗೆ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ದಡ್ಡಿ ಕಾಕಾಗ ಯಾರರೆ ಹೇಳಬೇಕವಾ. ಆ ಮುದುಕ ಹಾದಿ ಕಾಯ್ತಾನ" ಎಂದರು. ಮುಂದಿನ ತಿಂಗಳ ಮೊದಲ ಭಾನುವಾರ ನಾನು ಹೋದೆ.

ಕಾಕಾ ಆ ವಾರವಷ್ಟೇ ಹಾಸಿಗೆ ಹಿಡಿದಿದ್ದರು. ಸುದ್ದಿ ಕೇಳಿ ಗೋಡೆಯ ಮೇಲಿನ ಗ್ರಾಫನ್ನೇ ನೋಡುತ್ತ ಮಲಗಿದರು. ಆಮೇಲೆ ದಿಂಬಿನ ಕೆಳಗಿನಿಂದ ವಹಿಗಳ ಕಟ್ಟು ತೆಗೆದು ನನ್ನ ಉಡಿಗೆ ಹಾಕಿದರು.

"ಇವು ಸರ್ದು. ಒಂದೂ ಹಾಳಿ ಖಾಲಿ ಬಿಟ್ಟಿಲ್ಲ. ತಿಂಗಳದ ಕಡೀ ಸಾಲ ಅವ್ರದು, ಪೆನ್ಸಿಲ್‌ಲೆ ಬರದಾರ. ಬಂದಾಗೊಮ್ಮೆ ಒಬ್ರ ಹೊಳಿತನಕಾ ಹೋಗಿ ಬಂದು ಬರೀತಿದ್ರು. ನಾ ಅದನ್ನ ಓದಿಲ್ಲ. ಅದು ಅವ್ರ ಲೆಕ್ಕ." ನನ್ನ ಕಡೆ ತಿರುಗಿ ಕೇಳಿದರು. "ನಮ್ಮ ಗೆರಿ ಪುಸ್ತಕದಾಗ ಬಂತೇನ ಯವ್ವಾ?"

"ಬಂತ್ರಿ ಕಾಕಾ" ಎಂದೆ.

ಹೊಳೆಯ ಕಟ್ಟೆಯ ಮೇಲೆ ಕೂತು ವಹಿಗಳನ್ನು ಬಿಚ್ಚಿದೆ. ನಾವಿಬ್ಬರೂ ಬಂದು ಹೋದ ಮರುತಿಂಗಳಿನಿಂದ ಪುಟದ ಬುಡದಲ್ಲಿ ಸರ್ ಅವರ ಸಣ್ಣ ಅಕ್ಷರ ಶುರುವಾಗಿತ್ತು. ಮೇಲೆ ಕಾಕಾರ ಶಾಯಿಯ ಅಂಕಿಗಳು, ಕೆಳಗೆ ಪೆನ್ಸಿಲ್ಲಿನ ಒಂದೇ ಒಂದು ಖರೆ ಅಂಕಿ. ತಿಂಗಳಿಗೆ ಒಂದು ಚುಕ್ಕಿ. ಅಷ್ಟರಿಂದ ಯಾವ ಗೆರೆಯೂ ಹುಟ್ಟುವುದಿಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಪುಟ ತಿರುವುತ್ತ ಹೋದೆ. ಒಂದು ಮಳೆಗಾಲದ ನಡುವೆ ಅಂಕಿ ನಿಂತು, ಅದರ ಜಾಗದಲ್ಲಿ ಎರಡು ಪದ ಬಂದವು: 'ಕಂಬ ಇಲ್ಲ'. ಹೊಳೆ ಕಂಬವನ್ನು ಒಯ್ದಿತ್ತು. ಮುಂದಿನ ತಿಂಗಳೂ 'ಕಂಬ ಇಲ್ಲ'. ಅದರ ಮುಂದಿನ ತಿಂಗಳೂ. ಮೂರು ವರ್ಷ, ಪ್ರತಿ ಪುಟದ ಬುಡದಲ್ಲಿ ಅದೇ ಎರಡು ಪದ. ಅದರ ಮೇಲೆ ಕಾಕಾ ಆ ಕಂಬದ ನೀರಿನ ಮಟ್ಟವನ್ನು ದಿನಾ ತಪ್ಪದೆ ಬರೆಯುತ್ತ ಬಂದಿದ್ದರು.

ಕೊನೆಯ ತಿಂಗಳ ಬುಡದ ಸಾಲು ಖಾಲಿ ಇತ್ತು. ಮೆಟ್ಟಿಲು ಇಳಿದು ಹೋಗಿ ನೋಡಿದೆ. ಕೆಂಪು ನೀರು ದಂಡೆಗೆ ತಾಕಿ ಹರಿಯುತ್ತಿತ್ತು. ಪೆನ್ಸಿಲ್ ತಂದಿರಲಿಲ್ಲ, ಪೆನ್ನಿನಲ್ಲೇ ಬರೆದೆ: ಕಂಬ ಇಲ್ಲ.